ಮೆಡೋಸ್ ಟೇಲರ್: ಕಾದಂಬರಿಕಾರನ ಸಾಕ್ಷ್ಯ

ಸುರಪುರದ ಕೊನೆಯ ದೊರೆಯಾದ ರಾಜಾ ವೆಂಕಟಪ್ಪನಾಯಕನ ಚರಿತ್ರೆಯನ್ನು ವಿಚಾರಿಸಹೊರಟವರು ಯಾವ ದಾರಿಯನ್ನು ಹಿಡಿದರೂ ಕಡೆಗೆ ಒಂದು ಆಂಗ್ಲ ಗ್ರಂಥದ ಬಾಗಿಲಿಗೆ ಬಂದು ನಿಲ್ಲಬೇಕಾಗುತ್ತದೆ. ಕರ್ನಲ್ ಫಿಲಿಪ್ ಮೆಡೋಸ್ ಟೇಲರನು ತನ್ನ ಬಾಳಿನ ಕೊನೆಯ ವರ್ಷಗಳಲ್ಲಿ ಬರೆದು, ಅವನು ತೀರಿಕೊಂಡ ಬಳಿಕ ಅವನ ಮಗಳು ಆಲಿಸಳು ೧೮೭೭ರಲ್ಲಿ ಪ್ರಕಟಪಡಿಸಿದ ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂಬ ಆತ್ಮಕಥೆಯೇ ಆ ಗ್ರಂಥವು. ಬಾಲಕನಾದ ಅರಸನ ಸ್ವಭಾವ, ಅವನ ತಾಯಿ ಈಶ್ವರಮ್ಮನ ರಾಜಕಾರಣ, ೧೮೫೮ರ ದಂಗೆ, ಸೆರೆಯಲ್ಲಿ ನಡೆದ ಮಾತುಕತೆ, ದಾರಿಯಲ್ಲಿ ಒದಗಿದ ಮರಣ, ಇವು ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿದಂತಿರುವುದು ಬಹುಮಟ್ಟಿಗೆ ಟೇಲರನ ಲೇಖನಿಯ ಮಹಿಮೆಯಿಂದ. ಆದರೆ ಈ ಸಾಕ್ಷಿಯ ಕಸಬೇನು? ಅವನು ಅಧಿಕಾರಿಯಾಗಿದ್ದನೆಂಬುದು ದಿಟ. ಅದರೊಂದಿಗೆ ಅವನು ವಿಕ್ಟೋರಿಯಾ ರಾಣಿಯ ಕಾಲದ ಹೆಸರಾಂತ ಕಾದಂಬರಿಕಾರನೂ ಆಗಿದ್ದನು. ಕಥೆ ಹೇಳುವುದರಲ್ಲಿ ಪಳಗಿದ ಕೈ ಸಾಕ್ಷ್ಯವನ್ನು ಬರೆದಾಗ ಅದನ್ನು ನಾವು ಹೇಗೆ ಓದಬೇಕೆಂಬ ಪ್ರಶ್ನೆ ಸುರಪುರದ ಮಟ್ಟಿಗಂತೂ ಹಗುರವಾದುದಲ್ಲ. ಒಬ್ಬ ಅರಸನ ಕೀರ್ತಿಯೂ ಒಬ್ಬ ರಾಣಿಯ ಅಪಕೀರ್ತಿಯೂ ಅದನ್ನು ಅವಲಂಬಿಸಿವೆ. ಪ್ರಕೃತ ಲೇಖನದಲ್ಲಿ ಟೇಲರನ ಬಾಳನ್ನೂ ಬರಹವನ್ನೂ ಈ ಪ್ರಶ್ನೆಯ ಬೆಳಕಿನಲ್ಲಿ ನೋಡಲೆಳಸುತ್ತೇವೆ.

ಟೇಲರನು ೧೮೦೮ನೆಯ ಇಸವಿ ಸೆಪ್ಟೆಂಬರ್ ೨೫ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ವರ್ತಕನೊಬ್ಬನ ಮಗನಾಗಿ ಹುಟ್ಟಿದನು. ತಂದೆಯ ವ್ಯಾಪಾರವು ಕುಗ್ಗಿದುದರಿಂದ ಹದಿನಾರು ವರ್ಷ ತುಂಬುವ ಮೊದಲೇ, ೧೮೨೪ರಲ್ಲಿ, ಮುಂಬಯಿಯ ಒಬ್ಬ ಆಂಗ್ಲ ವರ್ತಕನ ಅಂಗಡಿಗೆ ಗುಮಾಸ್ತನಾಗಿ ಬಂದನು. ಬಂದು ನೋಡಿದರೆ ಆ ಅಂಗಡಿಯೂ ದಿವಾಳಿಯ ಅಂಚಿನಲ್ಲಿತ್ತು. ಮುಂಬಯಿ ಸರಕಾರದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಬಂಧುವೊಬ್ಬನ ಪ್ರಯತ್ನದಿಂದ ಹುಡುಗನಿಗೆ ನಿಜಾಮರ ಸೈನ್ಯದಲ್ಲಿ ಕೆಲಸ ದೊರೆಯಿತು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಟೇಲರನು ಕಂಪೆನಿ ಸರಕಾರದ ಸಿವಿಲ್ ಅಧಿಕಾರಿಗಳ ಪಂಕ್ತಿಗೆ ಸೇರಿದವನಲ್ಲ, ನಿಜಾಮರ ಸಂಬಳವನ್ನುಂಡವನು. ಆ ಪಂಕ್ತಿಯವರಿಗೆ ತಾನಾಗಿ ಒದಗುತ್ತಿದ್ದ ಗೌರವವನ್ನು ಇವನು ದುಡಿದು ಗಳಿಸಬೇಕಾಯಿತು. ಭೂಮಿಯ ಮೋಜಣಿ, ಕೆರೆಕಟ್ಟೆಗಳ ಕೆಲಸ, ಕಾಯಿದೆ, ದೇಶಭಾಷೆಗಳು, ಎಲ್ಲವನ್ನೂ ತಾನೇ ಕಲಿತುಕೊಂಡನು. ಹೈದರಾಬಾದಿನ ಪ್ರಸಿದ್ಧ ಸಾಹುಕಾರನಾದ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು. ಪಾಮರನ ತಾಯಿ ಫೈಜ್ ಬಕ್ಷ್ ಎಂಬ ಕುಲೀನ ಮುಸಲ್ಮಾನ ಸ್ತ್ರೀ. ಹೀಗೆ ಟೇಲರನ ಮನೆಯಲ್ಲಿಯೇ ಎರಡು ಜನಾಂಗಗಳ ರಕ್ತ ಕೂಡಿತ್ತು. ಮುಂದೆ ‘ಸೀತಾ’ ಎಂಬ ಕಾದಂಬರಿಯನ್ನು ಓದುವಾಗ ಇದು ಪ್ರಯೋಜನಕ್ಕೆ ಬರುವ ಮಾತು.

ಅವನನ್ನು ಗ್ರಂಥಕರ್ತನನ್ನಾಗಿ ಮಾಡಿದುದು ಠಗ್ಗರ ವೃತ್ತಾಂತ. ದಾರಿಹೋಕರ ಸಂಗಡ ಸ್ನೇಹದಿಂದ ಕೂಡಿಕೊಂಡು, ಸಮಯ ನೋಡಿ ಕೊರಳಿಗೆ ವಸ್ತ್ರವನ್ನು ಬಿಗಿದು ಕೊಂದು, ಹೆಣವನ್ನು ಹೂತು, ಒಡವೆಯನ್ನು ಹಂಚಿಕೊಳ್ಳುತ್ತಿದ್ದರೆಂದು ಪ್ರಸಿದ್ಧರಾದ ಈ ಗುಂಪುಗಳಿಗೆ ದಕ್ಷಿಣದಲ್ಲಿ ಫಾಂಸಿಗಾರರೆಂಬ ಹೆಸರಿತ್ತು. ಮದರಾಸಿನ ವೈದ್ಯ ಷರ್ವುಡ್ ಎಂಬವನು ೧೮೧೬ರಲ್ಲಿಯೇ ಅವರ ವಿಷಯವಾಗಿ ಒಂದು ಪ್ರಬಂಧವನ್ನು ಬರೆದಿದ್ದನು. ಟೇಲರನು ಪೊಲೀಸು ಕೆಲಸದಲ್ಲಿದ್ದಾಗ, ೧೮೩೦ಕ್ಕೆ ಸ್ವಲ್ಪ ಹಿಂದೆ, ತನ್ನ ಸರಹದ್ದಿನಲ್ಲಿ ಗುರುತು ಸಿಕ್ಕದ ಹೆಣಗಳನ್ನು ಕಂಡು ಸಂಶಯಪಟ್ಟು ಶೋಧನೆಯನ್ನು ಆರಂಭಿಸಿದನಂತೆ. ಅಷ್ಟರಲ್ಲಿ ಸೈನ್ಯದ ಕೆಲಸಕ್ಕೆ ಮರಳಬೇಕೆಂದು ಆಜ್ಞೆ ಬಂದಿತು. ಆ ಪತ್ತೆಯ ಕೀರ್ತಿ ಉತ್ತರದಲ್ಲಿದ್ದ ಸ್ಲೀಮನನಿಗೆ ಹೋಯಿತು. ಈ ಕೊರಗು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಮುಂದೆ ಸರಕಾರದ ಕ್ಷಮೆಯನ್ನು ಪಡೆದು ತಮ್ಮವರನ್ನು ಹಿಡಿದುಕೊಡುತ್ತಿದ್ದ ಮಾಫಿ ಸಾಕ್ಷಿಗಳ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸದಲ್ಲಿ ಟೇಲರನೂ ಭಾಗಿಯಾದನು. ಕೈತಪ್ಪಿದ ಪತ್ತೆಗೆ ಬದಲಾಗಿ ಅವನಿಗೆ ಸಿಕ್ಕಿದುದು ಒಂದು ಕಂಠಸ್ವರ.

ಆ ಸ್ವರವೇ ‘ಕನ್‌ಫೆಷನ್ಸ್ ಆಫ್ ಎ ಥಗ್’. ಠಗ್ಗನೊಬ್ಬನ ತಪ್ಪೊಪ್ಪಿಗೆಗಳೆಂಬ ಈ ಕಾದಂಬರಿಯು ೧೮೩೯ರಲ್ಲಿ, ಟೇಲರನು ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ, ಮೂರು ಸಂಪುಟಗಳಾಗಿ ಹೊರಬಿದ್ದಿತು. ವಿಕ್ಟೋರಿಯಾ ರಾಣಿಯು ಪುಸ್ತಕ ಕಟ್ಟಾಗುವವರೆಗೂ ತಾಳದೆ ಅಚ್ಚಿನ ಹಾಳೆಗಳನ್ನೇ ತರಿಸಿ ಓದಿದಳೆಂಬ ಮಾತು ಪ್ರಸಿದ್ಧವಾಗಿದೆ. ಕಥಾನಾಯಕನಾದ ಅಮೀರ್ ಅಲಿಯು ಸೆರೆಯಲ್ಲಿ ಕುಳಿತು ಹೆಸರಿಲ್ಲದ ಒಬ್ಬ ಸಾಹೇಬನಿಗೆ ತನ್ನ ಬಾಳನ್ನು ಹೇಳುತ್ತಾನೆ. ಅವನನ್ನು ಮಗನಂತೆ ಸಾಕಿದ ಇಸ್ಮಾಯಿಲನೇ ಅವನ ಹೆತ್ತವರನ್ನು ಕೊಂದವನು. ಅವನೇ ಮುಂದೆ ಗುರುತರಿಯದೆ ತನ್ನ ಒಡಹುಟ್ಟಿದ ತಂಗಿಯನ್ನು ಕೊಲ್ಲುತ್ತಾನೆ. ಅವನು ಕೈಯಾರೆ ಕೊಂದವರ ಸಂಖ್ಯೆ ೭೧೯ ಎಂದು ಹೇಳಿದೆ. ಅಮೀರ್ ಅಲಿ ನಿಜವಾಗಿಯೂ ಇದ್ದವನೆಂದೂ, ತನಗೆ ೧೮೩೨ರಲ್ಲಿ ಪರಿಚಿತನಾದನೆಂದೂ, ಕಥೆಯ ಬಹುಭಾಗ ನಡೆದ ಸಂಗತಿಯೆಂದೂ ಟೇಲರನು ಪೀಠಿಕೆಯಲ್ಲಿ ಭರವಸೆ ಕೊಡುತ್ತಾನೆ.

ಈ ಗ್ರಂಥದ ಗುಣವು ಕೊಲೆಗಳ ಲೆಕ್ಕದಲ್ಲಿಲ್ಲ. ಅಮೀರ್ ಅಲಿಯು ಪಶ್ಚಾತ್ತಾಪಪಡುವುದಿಲ್ಲ. ಕುಶಲನಾದ ಕಸಬುದಾರನು ತನ್ನ ಕಸುಬನ್ನು ವರ್ಣಿಸುವಂತೆ ವರ್ಣಿಸುತ್ತಾನೆ. ಶಕುನ ನೋಡುವುದು, ಗೋರಿ ತೋಡುವವರು ಮುಂದೆ ಹೋಗಿ ಸ್ಥಳ ಗೊತ್ತುಮಾಡುವುದು, ಬಲಿಯಾಗತಕ್ಕವನೊಡನೆ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡು ಕೇಳುವುದು, ಅನಂತರ ಸಂಜ್ಞೆ, ಎಲ್ಲವೂ ಸೌಜನ್ಯದ ಮಾತಿನಲ್ಲಿ ಸಾಗುತ್ತವೆ. ಕೇಳುವ ಸಾಹೇಬನು ನಡುನಡುವೆ ಹೇಸುತ್ತಾನೆ, ಆದರೆ ಎದ್ದುಹೋಗುವುದಿಲ್ಲ, ಓದುವವನೂ ಹೋಗುವುದಿಲ್ಲ. ಹಿಂದೂಸ್ಥಾನದ ಮನುಷ್ಯನೊಬ್ಬನು ಮೂರು ಸಂಪುಟಗಳ ಉದ್ದಕ್ಕೂ ಮೊದಲನೆಯ ಪುರುಷನಲ್ಲಿ, ‘ನಾನು’ ಎಂದು, ಮಾತಾಡಿದುದು ಆ ಕಾಲದ ಆಂಗ್ಲ ಕಾದಂಬರಿಯಲ್ಲಿ ತೀರ ಅಪೂರ್ವವಾದ ಸಂಗತಿ. ಆ ಮನುಷ್ಯನು ಕೊಲೆಗಾರನಾಗಿರಬೇಕಾಯಿತೆಂಬುದು ಬೇರೆ ಮಾತು.

ಹಾಗಾದರೆ ಪೀಠಿಕೆಯ ಭರವಸೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಬಹುಕಾಲ ವಾಚಕರು ಇದನ್ನು ಅರ್ಧ ಸರಕಾರಿ ದಾಖಲೆಯೆಂದೇ ಓದಿದರು. ಆದರೆ ಮಾಫಿ ಸಾಕ್ಷಿಯ ಹೇಳಿಕೆ ಎಂತಹುದು? ಹೇಳುವವನ ಕೊರಳಿಗೆ ಕುಣಿಕೆ ತಪ್ಪಬೇಕಾದರೆ ಕೇಳುವವನಿಗೆ ಬೇಕಾದುದನ್ನು ಹೇಳಬೇಕು. ಸ್ಲೀಮನನು ೧೮೩೬ರಲ್ಲಿ ಪ್ರಕಟಿಸಿದ ‘ರಾಮಸಿಯಾನ’ ಎಂಬ ಠಗ್ಗರ ಗುಪ್ತಭಾಷೆಯ ನಿಘಂಟೂ ಇಂತಹ ಹೇಳಿಕೆಗಳ ಮೇಲೆಯೇ ನಿಂತುದು. ಠಗ್ಗರೆಂಬವರು ದೇಶವ್ಯಾಪಿಯಾದ, ಕಾಳಿಯ ಆರಾಧನೆಯಿಂದ ಕಟ್ಟುಬಿದ್ದ ಒಂದೇ ಸಂಘವಾಗಿದ್ದರೆ, ಅಥವಾ ಬರಗಾಲ ಯುದ್ಧಗಳಿಂದ ಕೆಲಸ ಕಳೆದುಕೊಂಡು ದಾರಿಗಳ್ಳರಾದ ಬೇರೆ ಬೇರೆ ಗುಂಪುಗಳಿಗೆ ಸರಕಾರವು ಹಚ್ಚಿದ ಒಂದೇ ಹೆಸರೇ ಎಂದು ಈಚಿನ ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. ದಾರಿಯಲ್ಲಿ ಕೊಲೆಗಳು ನಡೆದುದರಲ್ಲಿ ಸಂದೇಹವಿಲ್ಲ, ಹೆಣಗಳು ಸಿಕ್ಕಿವೆ. ಅವುಗಳನ್ನೆಲ್ಲ ಒಂದೇ ಕಥೆಯ ದಾರಕ್ಕೆ ಪೋಣಿಸಿದವರು ಯಾರೆಂಬುದೇ ವಿವಾದ. ನಮ್ಮ ಅಭಿಪ್ರಾಯದಲ್ಲಿ ಟೇಲರನು ಸುಳ್ಳು ಹೇಳಿದವನಲ್ಲ. ಅನೇಕರ ಹೇಳಿಕೆಗಳನ್ನು ಒಬ್ಬನ ಬಾಯಲ್ಲಿ ಇಟ್ಟು, ಅವಕ್ಕೆ ಆದಿ ಮಧ್ಯ ಅಂತ್ಯಗಳನ್ನು ಕೊಟ್ಟನು. ತಂಗಿಯ ಕೊಲೆಯಂತಹ ಘೋರವಾದ ಕಾಕತಾಳೀಯವನ್ನು ಕೂಡಿಸಿದನು. ಅಲಕ್ಷಿಸಿದ ಶಕುನವು ಮುಂದೆ ಫಲಿಸುವುದು ಅಮೀರ್ ಅಲಿಯ ಕಥೆಯ ಒಂದು ಮುಖ್ಯ ತಂತು. ಇದನ್ನು ಗುರುತುಮಾಡಿಟ್ಟುಕೊಂಡು ಮುಂದಕ್ಕೆ ಹೋಗೋಣ.

ಮರುವರ್ಷ, ೧೮೪೦ರಲ್ಲಿ, ‘ಟಿಪ್ಪೂ ಸುಲ್ತಾನ್’ ಎಂಬ ಕಾದಂಬರಿ ಬಂದಿತು. ಮೈಸೂರಿನ ಯುದ್ಧದ ಕಥೆಯಾದುದರಿಂದ ನಮಗೆ ಕುತೂಹಲಕರವಾಗಬೇಕಾಗಿತ್ತು. ಆದರೆ ಸುಲ್ತಾನನು ಅದರಲ್ಲಿ ಆಂಗ್ಲರು ಮೊದಲೇ ಬರೆದಿಟ್ಟಿದ್ದ ಕ್ರೂರಿಯ ಚಿತ್ರವನ್ನು ಮೀರುವುದಿಲ್ಲ. ಗ್ರಂಥಕರ್ತನು ಕಂಡುದಕ್ಕಿಂತ ಓದಿದುದು ಅದರಲ್ಲಿ ಹೆಚ್ಚು. ಅದೇ ವರ್ಷದಿಂದ ೧೮೫೩ರವರೆಗೆ ಲಂಡನಿನ ‘ಟೈಮ್ಸ್’ ಪತ್ರಿಕೆಗೆ ಹಿಂದೂಸ್ಥಾನದ ಬಾತ್ಮೀದಾರನಾಗಿಯೂ ಟೇಲರನು ಬರೆಯುತ್ತಿದ್ದನು. ಕಾದಂಬರಿಯ ಲೇಖನಿ ಮಾತ್ರ ಇಪ್ಪತ್ತಕ್ಕಿಂತ ಹೆಚ್ಚು ವರ್ಷ ಸುಮ್ಮನಾಯಿತು. ಆ ಅವಧಿಯ ಬಹುಭಾಗವು ಸುರಪುರಕ್ಕೆ ಸೇರಿದುದು.

ಕೃಷ್ಣೆ ಭೀಮೆಗಳ ನಡುವೆ, ಇಂದಿನ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರವು ಬೇಡ ನಾಯಕರ ಸಂಸ್ಥಾನ. ನಿಜಾಮರಿಗೆ ಪೇಷ್ಕಷಿ ಕೊಡತಕ್ಕದ್ದು. ರಾಜಾ ಕೃಷ್ಣಪ್ಪನಾಯಕನ ಕಾಲಕ್ಕೆ ಸಾಲವೂ ಒಳಜಗಳವೂ ಏರಿದುದರಿಂದ ಟೇಲರನನ್ನು ಅಲ್ಲಿಗೆ ಕಳುಹಿಸಿದರು. ಅರಸನು ೧೮೪೨ರಲ್ಲಿ ತೀರಿಕೊಂಡನು. ಮಗನಾದ ವೆಂಕಟಪ್ಪನಾಯಕನು ಇನ್ನೂ ಹುಡುಗ. ರಾಣಿ ಈಶ್ವರಮ್ಮನು ಅಧಿಕಾರವನ್ನು ಕೈಯಲ್ಲಿಟ್ಟುಕೊಳ್ಳಬೇಕೆಂದಿದ್ದವಳು. ಹೀಗೆ ಆರಂಭವಾದ ಟೇಲರನ ಆಡಳಿತವು ಅರಸನು ಪ್ರಾಪ್ತವಯಸ್ಕನಾದ ೧೮೫೩ರವರೆಗೆ ನಡೆಯಿತು. ಭೂಕಂದಾಯವನ್ನು ಸರಿಪಡಿಸಿದನು, ಬೋನಾಳದ ಕೆರೆಯನ್ನು ಬಲಪಡಿಸಿದನು, ಗುಡ್ಡದ ಮೇಲೆ ತನಗಾಗಿ ಮನೆಯನ್ನು ಕಟ್ಟಿಕೊಂಡನು. ಆ ಮನೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಈಗಲೂ ಇದೆ. ಹುಡುಗನಾದ ಅರಸನು ಇವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಆತ್ಮಕಥೆಯ ಆಂಗ್ಲ ವಾಕ್ಯಗಳ ನಡುವೆ ಈ ಕನ್ನಡ ಶಬ್ದವು ತರ್ಜುಮೆಯಾಗದೆ ಹಾಗೆಯೇ ನಿಂತಿದೆ.

ಈ ವರ್ಷಗಳ ಇನ್ನೊಂದು ಫಲವನ್ನು ಇಲ್ಲಿ ಹೇಳಬೇಕು, ಏಕೆಂದರೆ ಸಾಕ್ಷಿಯ ಯೋಗ್ಯತೆಯನ್ನು ಅಳೆಯುವುದಕ್ಕೆ ಅದು ಬೇಕಾಗುತ್ತದೆ. ರಾಜನಕೋಳೂರು, ಹಗರಟಗಿ, ಜೇವರ್ಗಿ ಮೊದಲಾದ ಕಡೆಗಳಲ್ಲಿದ್ದ ಬೃಹತ್ ಶಿಲಾಸಮಾಧಿಗಳನ್ನು ಟೇಲರನು ಅಳೆದನು, ಎಣಿಸಿದನು, ಕೆಲವನ್ನು ಅಗೆಸಿದನು. ಅಗೆದ ಹೊಂಡದ ಪಾರ್ಶ್ವವನ್ನು ಪದರ ಪದರವಾಗಿ, ಎಲುಬು ಮಡಕೆಗಳು ಇದ್ದಲ್ಲಿಯೇ ಇರುವಂತೆ, ನಕ್ಷೆ ಬರೆದನು. ಈ ಪ್ರಬಂಧಗಳು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ, ೧೮೬೨ರಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಗ್ರಂಥಮಾಲೆಯಲ್ಲಿಯೂ ಪ್ರಕಟವಾದುವು. ಈ ಸಮಾಧಿಗಳನ್ನು ಯೂರೋಪಿನ ಕೆಲ್ಟರಿಗೂ ಸಿಥಿಯನರಿಗೂ ಗಂಟುಹಾಕಿದ ಅವನ ಊಹೆಯನ್ನು ಈಗ ಯಾರೂ ಒಪ್ಪುವುದಿಲ್ಲ. ಆದರೆ ನಕ್ಷೆಗಳು ಉಳಿದಿವೆ. ಒಂದು ಶತಮಾನದ ತರುವಾಯ ಉತ್ಖನನಶಾಸ್ತ್ರದ ಮಹಾಪಂಡಿತ ಮಾರ್ಟಿಮರ್ ವ್ಹೀಲರನು ಅವುಗಳನ್ನು ಮೆಚ್ಚಿಕೊಂಡನು. ಅಂದರೆ ಈ ಮನುಷ್ಯನು ಮನಸ್ಸು ಮಾಡಿದಲ್ಲಿ ಕಂಡುದನ್ನು ಕಂಡಹಾಗೆಯೇ ಬರೆಯಬಲ್ಲವನಾಗಿದ್ದನು. ನೋಡಿದುದು ಒಂದು, ಊಹಿಸಿದುದು ಇನ್ನೊಂದು ಎಂಬ ಭೇದವು ಅಲ್ಲಿ ಕಣ್ಣಿಗೆ ಕಾಣುವಂತಿದೆ. ಆತ್ಮಕಥೆಯಲ್ಲಿ ಆ ಗೆರೆಯನ್ನು ಎಳೆದುಕೊಳ್ಳುವ ಭಾರ ನಮ್ಮ ಮೇಲೆ ಬೀಳುತ್ತದೆ.

೧೮೫೩ರಲ್ಲಿ ಟೇಲರನು ಸುರಪುರವನ್ನು ಅರಸನಿಗೆ ಒಪ್ಪಿಸಿ, ಆಗತಾನೇ ಆಂಗ್ಲರ ಕೈಸೇರಿದ್ದ ನಳದುರ್ಗದ ಜಿಲ್ಲೆಗೆ ಹೋದನು. ೧೮೫೭ರಲ್ಲಿ ವರ್ಹಾಡದ ಬುಲಢಾಣೆಗೆ ಹೋಗಬೇಕಾಯಿತು. ದಂಗೆಯ ಆ ವರ್ಷ ಸೈನ್ಯದ ಬೆಂಬಲವಿಲ್ಲದೆಯೇ ಆ ಪ್ರಾಂತವನ್ನು ಶಾಂತವಾಗಿಟ್ಟನು. ಇತ್ತ ಸುರಪುರದಲ್ಲಿ ಅರಬರೂ ರೋಹಿಲರೂ ಸೇರತೊಡಗಿದರು. ೧೮೫೮ರ ಫೆಬ್ರವರಿಯಲ್ಲಿ ಊರ ಹೊರಗೆ ಬೀಡುಬಿಟ್ಟಿದ್ದ ಆಂಗ್ಲರ ದಳದ ಮೇಲೆ ರಾತ್ರಿ ದಾಳಿ ನಡೆಯಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬವನು ಸತ್ತನು. ಅರಸನು ಹೈದರಾಬಾದಿಗೆ ಹೋದನು. ಅಲ್ಲಿ ಸಾಲಾರಜಂಗನ ಕೈಗೆ ಸಿಕ್ಕಿ, ಆಂಗ್ಲರ ವಶವಾದನು. ಸುರಪುರಕ್ಕೆ ಪುನಃ ನಿಯಮಿತನಾಗಿ ಬರುತ್ತಿದ್ದ ಟೇಲರನು ರೆಸಿಡೆಂಟ್ ಡೇವಿಡ್‌ಸನನ ಇಷ್ಟದಂತೆ ಅವನನ್ನು ಸೆರೆಯಲ್ಲಿ ಕಂಡನು.

ಆತ್ಮಕಥೆಯಲ್ಲಿ ಈ ಭೇಟಿಯ ಭಾಗಕ್ಕಿಂತ ಮಿಗಿಲಾದ ಪುಟಗಳು ಟೇಲರನ ಕಾದಂಬರಿಗಳಲ್ಲಿಯೂ ಇಲ್ಲವೆಂದು ನಮಗೆ ತೋರುತ್ತದೆ. ಹುಡುಗನು ಸಾಕುತಂದೆಯನ್ನು ಅಪ್ಪಿಕೊಂಡು ಅಳುತ್ತಾನೆ. ತನ್ನನ್ನು ಪ್ರೇರಿಸಿದವರ ಹೆಸರನ್ನು ಹೇಳಿದರೆ ಜೀವ ಉಳಿಯಬಹುದೆಂದು ತಿಳಿದಾಗ ಹೇಳಲೊಲ್ಲನು. ಕಳ್ಳನಂತೆ ಗಲ್ಲಿಗೇರಿಸಬಾರದು, ತೋಪಿನ ಬಾಯಿಗೆ ಕಟ್ಟಬಹುದು ಎನ್ನುತ್ತಾನೆ. ಸೆರೆವಾಸಕ್ಕಿಂತ ಸಾವೇ ಮೇಲು, ತನ್ನವರಲ್ಲಿ ತೀರ ಬಡ ಬೇಡನೂ ಸೆರೆಯಲ್ಲಿ ಬಾಳಲಾರನು ಎನ್ನುತ್ತಾನೆ. ವಿಚಾರಣೆಯಾಗಿ ಮರಣದಂಡನೆ ಗೊತ್ತಾಯಿತು. ಅದು ದ್ವೀಪಾಂತರವಾಗಿಯೂ, ಆ ಮೇಲೆ ಗವರ್ನರ್ ಜನರಲನ ಅಪ್ಪಣೆಯಿಂದ ಚಂಗಲಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಯಾಗಿಯೂ ಇಳಿಯಿತು. ನಡತೆ ನೆಟ್ಟಗಿದ್ದರೆ ಸಂಸ್ಥಾನವೂ ಮರಳಿ ಬರಬಹುದಾಗಿತ್ತು. ದಾರಿಯಲ್ಲಿ ಬೀಡುಬಿಟ್ಟಾಗ, ಕಾವಲಿನ ಅಧಿಕಾರಿಯು ಡೇರೆಯಲ್ಲಿ ಬಿಚ್ಚಿಟ್ಟಿದ್ದ ಪಿಸ್ತೂಲು ಹಾರಿತು. ಅರಸನು ಸತ್ತು ಬಿದ್ದಿದ್ದನು. ಅದು ಆಕಸ್ಮಿಕವೋ ಆತ್ಮಹತ್ಯೆಯೋ ಎಂದು ಟೇಲರನು ತೀರ್ಮಾನ ಹೇಳುವುದಿಲ್ಲ.

ಇದರೊಡನೆ ಜಾತಕದ ಕಥೆಯೊಂದು ಹೆಣೆದುಕೊಂಡಿದೆ. ಹಲವು ವರ್ಷ ಹಿಂದೆ, ಬೇನೆಬಿದ್ದು ಬದುಕುವ ಆಸೆ ಬಿಟ್ಟಿದ್ದ ರಾಣಿ ಈಶ್ವರಮ್ಮನು ಟೇಲರನನ್ನು ಕರೆಯಿಸಿ, ವೃದ್ಧನಾದ ಒಬ್ಬ ಶಾಸ್ತ್ರಿಯ ಸಮಕ್ಷಮದಲ್ಲಿ, ಮಗನ ಜಾತಕವನ್ನು ತೋರಿಸಿದಳಂತೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಅದರಲ್ಲಿ ಬರೆದಿತ್ತಂತೆ. ಅದೇ ವಯಸ್ಸಿನಲ್ಲಿ ಅರಸನು ಸತ್ತನು. ಶಾಸ್ತ್ರಿಯು ಅದನ್ನು ಟೇಲರನಿಗೆ ನೆನಪಿಸಿದನು. ಮೊದಲು ಬೀಜವನ್ನು ಹಾಕಿ, ಓದುಗನು ಮರೆಯುವಷ್ಟು ದೂರ ನಡೆಯಿಸಿ, ಆ ಬಳಿಕ ಫಲವನ್ನು ತೋರಿಸುವ ಈ ಕ್ರಮವು ಅಮೀರ್ ಅಲಿಯ ಶಕುನಗಳನ್ನು ಕಂಡವರಿಗೆ ಹೊಸದಾಗಿ ತೋರದು.

ಇಷ್ಟರಿಂದಲೇ ಜಾತಕದ ಪ್ರಸಂಗವು ಕಟ್ಟುಕಥೆಯೆಂದು ಹೇಳುವುದು ದುಡುಕಾದೀತು. ಅರಸುಮನೆಗಳಲ್ಲಿ ಜಾತಕ ಬರೆಯಿಸುವುದೂ ಅದನ್ನು ಗುಟ್ಟಾಗಿಡುವುದೂ ವಾಡಿಕೆಯೇ ಆಗಿತ್ತು. ಆದರೆ ಸಾಕ್ಷ್ಯವನ್ನು ತೂಗುವವರು ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಸೆರೆಯಲ್ಲಿ ನಡೆದ ಮಾತುಕತೆಗೆ ಟೇಲರನು ಪ್ರತ್ಯಕ್ಷಸಾಕ್ಷಿ. ಹದಿನೈದಕ್ಕಿಂತ ಹೆಚ್ಚು ವರ್ಷ ಕಳೆದ ಮೇಲೆ ಬರೆದರೂ ಅದರ ತಿರುಳನ್ನು ಒಪ್ಪಬಹುದು. ಫೆಬ್ರವರಿಯ ಕಾಳಗದಲ್ಲಿಯೂ ಡೇರೆಯಲ್ಲಿಯೂ ಅವನಿರಲಿಲ್ಲ. ಅಲ್ಲಿಯ ವಿವರಗಳು ಇತರರ ಬಾಯಿಂದ ಬಂದುವು, ಆದರೂ ಕಂಡವನ ಧಾಟಿಯಲ್ಲಿಯೇ ಬರೆದಿವೆ. ಇನ್ನು ಅರಸನು ಕೆಟ್ಟದ್ದು ಯಾರಿಂದ ಎಂಬ ಪ್ರಶ್ನೆಯಲ್ಲಿ ಟೇಲರನು ಸಾಕ್ಷಿಯೂ ಅಲ್ಲ, ಕಕ್ಷಿದಾರನು. ಹನ್ನೊಂದು ವರ್ಷ ತಾನು ಬೆಳೆಯಿಸಿದ ಹುಡುಗನು ಐದು ವರ್ಷಗಳೊಳಗಾಗಿ ತನ್ನ ಸರಕಾರದ ಮೇಲೆ ಕತ್ತಿಯೆತ್ತಿದನೆಂದರೆ ಪಾಲಕನು ಲೋಕಕ್ಕೆ ಏನಾದರೂ ಸಮಾಧಾನ ಹೇಳಲೇಬೇಕು. ದುಷ್ಟರ ಸಹವಾಸ, ತಾಯಿಯ ಕುಟಿಲತೆ, ಹುಡುಗನ ಚಂಚಲ ಬುದ್ಧಿ, ಇವೇ ಆ ಸಮಾಧಾನ. ಅರಸನು ತಿಳಿದೂ ತಿಳಿದೂ ಎದ್ದಿರಬಹುದು, ಪರರಾಜ್ಯವನ್ನು ಸಹಿಸಲಾರದೆ ಎದ್ದಿರಬಹುದು ಎಂಬ ಎಣಿಕೆಗೆ ಅಲ್ಲಿ ಎಡೆಯಿಲ್ಲ. ‘ಅಪ್ಪಾ’ ಎಂದು ಕರೆಯಿಸಿಕೊಂಡವನು ಆ ಎಣಿಕೆಗೆ ಎಡೆಗೊಡುವುದು ಸುಲಭವೂ ಅಲ್ಲ.

ಈಶ್ವರಮ್ಮನಿಗೆ ಆದ ಅನ್ಯಾಯ ಇನ್ನೂ ಹೆಚ್ಚಿನದು. ಠಗ್ಗನಿಗೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವುದಕ್ಕೆ ಮೂರು ಸಂಪುಟಗಳನ್ನು ಕೊಟ್ಟ ಗ್ರಂಥಕರ್ತನು ಈ ರಾಣಿಯ ಮಾತೆಲ್ಲವನ್ನೂ ತನ್ನ ಬಾಯಿಂದಲೇ ಆಡಿಸುತ್ತಾನೆ. ಗಂಡ ಸತ್ತ, ಮಗ ಚಿಕ್ಕವನಾದ ಒಬ್ಬ ವಿಧವೆಯು ತನ್ನ ಮನೆತನದ ಅಧಿಕಾರವನ್ನು ಪರದೇಶಿ ಅಧಿಕಾರಿಗೆ ಬಿಟ್ಟುಕೊಡಲೊಲ್ಲದೆ ನಡೆಸಿದ ಹೋರಾಟವೆಂದು ಅದೇ ಸಂಗತಿಗಳನ್ನು ಓದಲು ಬರುತ್ತದೆ. ನಮ್ಮಲ್ಲಿ ಸುರಪುರದ ವಿಷಯ ಬರೆಯುವವರು ಅರಸನನ್ನು ಎತ್ತಿಹಿಡಿಯುವಾಗ ಟೇಲರನನ್ನು ಸಂಶಯದಿಂದ ನೋಡಿ, ರಾಣಿಯ ಮಾತು ಬಂದಾಗ ಅವನನ್ನೇ ಆಪ್ತವಾಕ್ಯವೆಂದು ಹಿಡಿಯುವುದು ನ್ಯಾಯವೆಂದು ತೋರುವುದಿಲ್ಲ.

ಈ ಪುಸ್ತಕದ ಉತ್ತರಚರಿತ್ರೆಯಲ್ಲಿ ಒಂದು ವಿಚಿತ್ರವುಂಟು. ವಿನಾಯಕ ದಾಮೋದರ ಸಾವರ್ಕರರು ೧೯೦೯ರಲ್ಲಿ ಹೊರತಂದ, ೧೮೫೭ರ ಯುದ್ಧವನ್ನು ಕುರಿತ ಗ್ರಂಥದಲ್ಲಿ ಸುರಪುರದ ಅರಸನನ್ನು ವೀರನೆಂದು ಕೊಂಡಾಡಿದರು. ಅದಕ್ಕೆ ಅವರು ಮುಂದಿಟ್ಟ ಆಧಾರವು ಟೇಲರನ ಆತ್ಮಕಥೆಯ ಸೆರೆಮನೆಯ ಭಾಗವೇ! ಅರಸನ ಅವಿವೇಕಕ್ಕಾಗಿ ಮರುಗಿ ಬರೆದ ಪುಟಗಳು ಅವನ ವೀರ್ಯಕ್ಕೆ ಪ್ರಮಾಣವಾದುವು. ಇದು ಟೇಲರನಲ್ಲಿರುವ ಕಾದಂಬರಿಕಾರನಿಗೆ ಸಲ್ಲತಕ್ಕ ಹೊಗಳಿಕೆ. ಅಧಿಕಾರಿಯಾಗಿ ಅವನು ಅರಸನನ್ನು ದುರ್ಬಲನೆಂದು ತೀರ್ಮಾನಿಸಿದ್ದಾನೆ. ಆದರೆ ಹುಡುಗನು ಮಾತಾಡತೊಡಗಿದೊಡನೆ ಆ ತೀರ್ಮಾನಕ್ಕೆ ಒಗ್ಗದ ಮಾತುಗಳನ್ನೂ ಅಡಗಿಸಲಾರದೆ ಬರೆದುಬಿಟ್ಟಿದ್ದಾನೆ. ತನ್ನ ವಾದಕ್ಕೆ ಹಾನಿಯಾಗುವುದನ್ನು ಸಾಕ್ಷಿಯೇ ಹೇಳಿದಾಗ ಆ ಭಾಗಕ್ಕೆ ತೂಕ ಹೆಚ್ಚೆಂಬುದು ನ್ಯಾಯಸ್ಥಾನದಲ್ಲಿಯೂ ಸಲ್ಲುವ ಮಾತು.

ದೇಹಸ್ಥಿತಿ ಕೆಟ್ಟು ೧೮೬೦ರಲ್ಲಿ ಟೇಲರನು ಕೆಲಸ ಬಿಟ್ಟು ಹೋದನು. ಅದೇ ವರ್ಷದ ಒಪ್ಪಂದದಿಂದ ಸುರಪುರವು ನಿಜಾಮರ ರಾಜ್ಯದಲ್ಲಿ ಸೇರಿಹೋಯಿತು. ಆ ಬಳಿಕ ಅವನು ಬರೆದ ಕಾದಂಬರಿಗಳಲ್ಲಿ ಮೂರು ಒಂದು ಮಾಲೆಯಾಗಿವೆ: ‘ತಾರಾ’, ೧೮೬೩, ‘ರಾಲ್ಫ್ ಡಾರ್ನೆಲ್’, ೧೮೬೫, ‘ಸೀತಾ’, ೧೮೭೨. ಮರಾಠರ ಏಳಿಗೆಗೆ ೧೬೫೭, ಪ್ಲಾಸಿಯ ಕದನಕ್ಕೆ ೧೭೫೭, ಸಿಪಾಯಿಗಳ ದಂಗೆಗೆ ೧೮೫೭, ಹೀಗೆ ನೂರು ನೂರು ವರ್ಷಗಳ ಅಂತರದಲ್ಲಿ ಮೂರು ಕಾಲಗಳನ್ನು ಜೋಡಿಸಿದ್ದಾನೆ. ‘ತಾರಾ’ದ ಮುಖ್ಯ ಘಟನೆಯಾದ ಅಫಜಲಖಾನನ ವಧೆಯು ಪ್ರತಾಪಗಡದಲ್ಲಿ ನಡೆದುದು ೧೬೫೯ರಲ್ಲಿ. ಮಾಲೆ ಅಂದವಾಗಬೇಕೆಂದು ಎರಡು ವರ್ಷಗಳನ್ನು ಹ್ರಸ್ವಮಾಡಿದಂತಾಯಿತು. ಕಾದಂಬರಿಯಲ್ಲಿ ಇದು ದೋಷವಲ್ಲ. ಆದರೆ ಭವಿಷ್ಯವೂ ವರ್ಷಸಂಖ್ಯೆಯೂ ಸರಿಯಾಗಿ ಕೂಡಿಬರಬೇಕೆಂಬ ಈ ಒಲವು ಜಾತಕದ ಪ್ರಸಂಗವನ್ನು ಬರೆದ ಕೈಯಲ್ಲಿಯೇ ಇತ್ತೆಂಬುದನ್ನು ಮರೆಯಬಾರದು.

ಮೂರರಲ್ಲಿ ‘ತಾರಾ’ವೇ ಶ್ರೇಷ್ಠ. ತುಳಜಾಪುರವು ಟೇಲರನಾಳಿದ ನಳದುರ್ಗದ ಸೀಮೆಗೆ ಸೇರಿದುದು; ಭವಾನಿಯ ಗುಡಿ, ಶಾಸ್ತ್ರಿಗಳ ಮನೆವಾರ್ತೆ, ವಿಜಾಪುರದ ಸರದಾರರ ಠೀವಿ, ಎಲ್ಲವನ್ನೂ ಬಲ್ಲವನ ಬರಹವೆಂದು ಓದಿದೊಡನೆ ತಿಳಿಯುತ್ತದೆ. ಬಾಲವಿಧವೆಯಾದ ತಾರೆಯು ದೇವಿಯ ಸೇವೆಗೆ ಒಪ್ಪಿಸಿಕೊಂಡು, ಅನೇಕ ಕಷ್ಟಗಳನ್ನುಂಡು, ಕೊನೆಗೆ ಚಿತೆಯಿಂದ ಪಾರಾಗಿ ಅಫಜಲಖಾನನ ಮಗನನ್ನು ಮದುವೆಯಾಗುತ್ತಾಳೆ. ‘ಸೀತಾ’ದಲ್ಲಿ ಅಕ್ಕಸಾಲೆಯ ವಿಧವೆಯೊಬ್ಬಳು ಆಂಗ್ಲ ಅಧಿಕಾರಿಯನ್ನು ವರಿಸುತ್ತಾಳೆ, ದಂಗೆಯಲ್ಲಿ ಅವನನ್ನು ರಕ್ಷಿಸಹೋಗಿ ಸಾಯುತ್ತಾಳೆ, ಅವನು ಮುಂದೆ ಸ್ವಜನಾಂಗದ ಕನ್ಯೆಯ ಕೈಹಿಡಿಯುತ್ತಾನೆ. ಪಾಮರನ ಅಳಿಯನು ಇಂತಹ ಮದುವೆಯನ್ನು ಗೌರವದಿಂದ ಚಿತ್ರಿಸಿದುದು ದಂಗೆಯ ತರುವಾಯದ ಆ ದ್ವೇಷದ ಕಾಲದಲ್ಲಿ ಸಾಮಾನ್ಯ ಧೈರ್ಯವಲ್ಲ. ಅದನ್ನು ಬಾಳಗೊಡದೆ ಮುಗಿಸಿದುದರಲ್ಲಿ ಆ ಧೈರ್ಯದ ಮೇರೆಯೂ ಕಾಣುತ್ತದೆ.

ಆದರೆ ‘ಸೀತಾ’ದಲ್ಲಿ ಓದುಗನು ಹುಡುಕಿ ಕಾಣದೆ ನಿರಾಶನಾಗುವುದು ಬೇರೊಂದನ್ನು. ಐವತ್ತೇಳರ ದಂಗೆಯನ್ನೇ ವಸ್ತುವಾಗಿಟ್ಟುಕೊಂಡು ಬರೆಯುತ್ತಿದ್ದ ಟೇಲರನ ಎದೆಯಲ್ಲಿ ಆಗ ಸುರಪುರದ ಕಥೆ ಇತ್ತು. ಸಾಕುತಂದೆ, ಸಾಕುಮಗ, ಗುಟ್ಟಿನ ಜಾತಕ, ಹೆಸರು ಹೇಳಲೊಲ್ಲದ ಸೆರೆಯಾಳು, ಬಿಚ್ಚಿಟ್ಟ ಪಿಸ್ತೂಲು. ಕಾದಂಬರಿಗೆ ಬೇಕಾದುದೆಲ್ಲವೂ ಸಿದ್ಧವಾಗಿದ್ದಿತು. ಅವನು ಅದನ್ನು ಮುಟ್ಟಲಿಲ್ಲ. ಉತ್ತರ ದೇಶದ ನೂರಪುರವೆಂಬ ಊರನ್ನು ಕಲ್ಪಿಸಿ, ಅಜ್ರಾಯಿಲ್ ಪಾಂಡೆ ಎಂಬ ಖಳನನ್ನು ನಿರ್ಮಿಸಿ, ತಾನು ಕಾಣದ ದಂಗೆಯನ್ನು ಬರೆದನು. ಕಂಡುದನ್ನು ಆತ್ಮಕಥೆಗೆ ಇಟ್ಟುಕೊಂಡನು. ಆ ಭಾಗವು ಕಾದಂಬರಿಯಂತೆ ಓದಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬೇಕು. ಹೈದರಾಬಾದ್ ರೆಸಿಡೆನ್ಸಿಯ ಹಳೆಯ ದಪ್ತರವು ಈಗ ದೆಹಲಿಯ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿದೆ. ಆತ್ಮಕಥೆಯ ಈ ಪುಟಗಳನ್ನು ಅಲ್ಲಿಯ ಪತ್ರವ್ಯವಹಾರದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಓದಬಲ್ಲ ಕನ್ನಡ ವಿದ್ವಾಂಸರಿಗೆ ಇದು ಯೋಗ್ಯವಾದ ಕೆಲಸ.

ಕೊನೆಯ ಕಾದಂಬರಿಯಲ್ಲಿ ಟೇಲರನು ಕೃಷ್ಣೆಯ ದಡಕ್ಕೆ ಮರಳಿದನು. ‘ಎ ನೋಬಲ್ ಕ್ವೀನ್’ ಅಹಮದನಗರದ ಚಾಂದಬೀಬಿಯ ಕಥೆಯಾದರೂ ಅದರಲ್ಲಿ ಜಲದುರ್ಗದ ಕೋಟೆ ಬರುತ್ತದೆ, ಛಾಯಾ ಭಗವತಿಯ ಅಬ್ಬಿ ಬರುತ್ತದೆ, ಮುದಗಲ್ಲಿನ ಕ್ರೈಸ್ತರು ಬರುತ್ತಾರೆ. ಆಂಗ್ಲ ವಾಚಕನ ನಾಲಗೆ ತೊಡರುವ ಈ ಹೆಸರುಗಳು ನಮಗೆ ನೆರೆಯೂರಿನ ದಾರಿ. ಅಲ್ಲಿ ಬೇಡರ ನಾಯಕನೊಬ್ಬನೂ ಇದ್ದಾನೆ. ಶೂರ, ಕೊಟ್ಟ ಮಾತಿಗೆ ತಪ್ಪದವನು. ಸಾಲಾರಜಂಗನ ಆಮಂತ್ರಣದ ಮೇಲೆ ೧೮೭೫ರಲ್ಲಿ ಇನ್ನೊಮ್ಮೆ ಹಿಂದೂಸ್ಥಾನಕ್ಕೆ ಬಂದ ಟೇಲರನು ಹಿಂದಿರುಗುವಾಗ ಫ್ರಾನ್ಸಿನ ಮೆಂತೋನಿನಲ್ಲಿ, ೧೮೭೬ನೆಯ ಇಸವಿ ಮೇ ೧೩ರಂದು, ಕಾಲವಶನಾದನು. ಬೇಡ ನಾಯಕನಿರುವ ಆ ಪುಸ್ತಕವು ಅಚ್ಚಾಗಿ ಹೊರಬಂದುದು ೧೮೭೮ರಲ್ಲಿ, ಆತ್ಮಕಥೆಯ ಮರುವರ್ಷ.